ಸೊಂಟವಿದ್ದ ಹಲಗೆಗಳು

ಮೊನ್ನೆ ಸಂಜೆ ಹೊರಮಾವಿನ ನಮ್ಮ ಫ್ಲಾಟಿನಲ್ಲಿ ಕರೆಂಟು ಹೋದಾಗ ಅಮ್ಮ ಮೇಣದಬತ್ತಿ ಹಚ್ಚಿ ಮಂಚದ ತಲೆದೆಸೆಗೆ ಇಟ್ಟಳು. ಬೇಡ ಅಂದೆ, ಕೇಳಲಿಲ್ಲ. ಅದು ಉರುಳಿ ಹೊಸ ಬೆಡ್‌ಶೀಟಿನ ಮೇಲೆ ಅಂಗೈಯಗಲ ಮೇಣ ಹೆಪ್ಪುಗಟ್ಟಿತು. ಬೆಳಿಗ್ಗೆ ಎದ್ದು ಗೊಣಗುತ್ತಾ ಹಳೇ ಪೇಪರು ಹಾಸಿ ಮೇಲೆ ಇಸ್ತ್ರಿಪೆಟ್ಟಿಗೆ ಆಡಿಸಿದೆ. ಮೇಣ ಕರಗಿ ಪೇಪರಿಗೆ ಇಳಿಯತೊಡಗಿತು. ಬಿಸಿ ಕಬ್ಬಿಣ, ಕರಗಿದ ಮೇಣ, ಅದರ ಹಿಂದೆ ಸಣ್ಣ ಕಮಟು... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎಡ ಮಂಡಿ ತಾನಾಗಿ ಬಿಗಿಯಿತು. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಸುಮ್ಮನೆ ಕೂತುಬಿಟ್ಟೆ. ಸುಬೇದಾರ್ ಮಾಮನ ಮನೆಯ ವಾಸನೆ ಅದು.

ಮುಂಚೆ ನಾವಿದ್ದ ಹಲಸೂರಿನ ವಠಾರದಲ್ಲಿ ನಮ್ಮ ಗೋಡೆಗೆ ಅವರ ಗೋಡೆ ಅಂಟಿಕೊಂಡಿತ್ತು. ಮಿಲಿಟರಿಯಿಂದ ರಿಟೈರಾಗಿ ಬಂದವರು. ಮನೆಮಾತು ತಮಿಳು, ಬೈಯುವುದು ಹಿಂದಿಯಲ್ಲಿ, ನಮ್ಮ ಜೊತೆ ಎರಡೂ ಬೆರೆಸಿದ ಕನ್ನಡ. ಬೌದ್ಧರ ಮನೆ, ನಡುಮನೆಯ ಗೂಡಿನಲ್ಲಿ ಬುದ್ಧನ ಸಣ್ಣ ಮೂರ್ತಿ, ಅದರ ಮುಂದೆ ದಿನವೂ ಬಿಳಿ ಮೇಣದಬತ್ತಿ. ಉರಿದು ಉಳಿದ ತುಂಡುಗಳನ್ನು ಮಾಮ ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದರು. ಸೈನ್ಯದಲ್ಲಿದ್ದಾಗ ಅವರ ಕೆಲಸ ಜವಾನರಿಗೆ ಹಿಮದ ಮೇಲೆ ಸ್ಕೀ ಮಾಡುವುದನ್ನು ಕಲಿಸುವುದು. ಇಡೀ ಹಲಸೂರಿನಲ್ಲಿ ಆ ವಿದ್ಯೆ ಬಲ್ಲವರು ಅವರೊಬ್ಬರೇ ಇದ್ದಿರಬೇಕು. ಇಂಥವರು ನನ್ನ ಗ್ರಹಚಾರಕ್ಕೆ ಪಕ್ಕದ ಮನೆಯಲ್ಲೇ ಇದ್ದರು.

ಗ್ರಹಚಾರ ಅನ್ನುವುದು ಅಮ್ಮನ ಮಾತು. ಕಾಲೇಜಿನ ಎನ್‌ಸಿಸಿಯಿಂದ ನನ್ನನ್ನು ಒಂದು ಚಳಿಗಾಲ ಹಿಮಾಲಯದ ಸ್ಕೀ ಶಿಬಿರಕ್ಕೆ ಕಳಿಸಿದ್ದರು. ಹೋದವಳು ಹುಚ್ಚು ಹಿಡಿಸಿಕೊಂಡು ಬಂದೆ. ಮರುವರ್ಷ ಹೋದಾಗ ಬಿದ್ದು ಎಡ ಮಂಡಿ ತಿರುಚಿತು. ತಿಂಗಳುಗಟ್ಟಲೆ ಕುಂಟಿದೆ. ಇನ್ನೊಮ್ಮೆ ತಿರುಚಿದರೆ ಆ ಮಂಡಿ ಕೆಲಸಕ್ಕೆ ಬರುವುದಿಲ್ಲ ಅಂತ ಡಾಕ್ಟರು ಅಮ್ಮನ ಮುಂದೆಯೇ ಹೇಳಿದರು. ಅಪ್ಪ ತೀರಿಕೊಂಡ ಮೇಲೆ ಇಂದಿರಾನಗರದ ಜಿಮ್ಮಿನಲ್ಲಿ ನಾನು ಮಾಡುತ್ತಿದ್ದ ಟ್ರೈನರ್ ಕೆಲಸದಿಂದಲೇ ಮನೆ ನಡೆಯುತ್ತಿತ್ತು. ಕುಂಟುವ ಟ್ರೈನರನ್ನು ಯಾವ ಜಿಮ್ಮಿನವರು ಇಟ್ಟುಕೊಳ್ಳುತ್ತಾರೆ? ಇದೆಲ್ಲ ನನಗೂ ಗೊತ್ತಿತ್ತು. ಆದರೂ ಆ ವರ್ಷದ ರಾಷ್ಟ್ರೀಯ ಸ್ಪರ್ಧೆಗೆ ರಾಜ್ಯದಿಂದ ಹೋಗುವವರಲ್ಲಿ ನನ್ನ ಹೆಸರು ಬಂದಾಗ ನಾನು ನೆಲದ ಮೇಲಿರಲಿಲ್ಲ.

ಅಮ್ಮ ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು. ನಾನೂ ಬಿಟ್ಟೆ. ಆ ಹಟ ನನಗೆ ಬಂದದ್ದೇ ಅವಳಿಂದ. ಕೊನೆಗೆ ಸುಬೇದಾರ್ ಮಾಮ ನಮ್ಮ ಬಾಗಿಲಿಗೆ ಬಂದು, ಒಳಗೆ ಕರೆದರೂ ಬಾರದೆ, ಹೊಸ್ತಿಲಾಚೆಯೇ ನಿಂತು ಹೇಳಿದರು.

"ತಂಗಚ್ಚಿ, ನಾನೂ ಜೊತೇಲಿ ಹೋಗ್ತೀನಿ. ನಡ್ಕೊಂಡು ಹೋಗೋಳು ನಡ್ಕೊಂಡೇ ವಾಪಸ್ ಬರ್ತಾಳೆ. ಇದು ನನ್ ಮಾತು."

ಅಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಮಾತು ಕೊಡೋದು ಸುಲಭ ರೀ, ಮಂಡಿ ನಿಮ್ದಲ್ವಲ್ಲ" ಅಂದು ಒಳಗೆ ಹೋದಳು. ಆದರೆ ಬೇಡ ಅನ್ನಲಿಲ್ಲ. ನಮ್ಮ ಮನೆಯಲ್ಲಿ ಅದನ್ನೇ ಒಪ್ಪಿಗೆ ಅಂತ ತಿಳಿಯಬೇಕು.

ಇಷ್ಟೊತ್ತಿಗೆ ನನ್ನ ಸ್ಕೀಗಳ ವಿಷಯದಲ್ಲಿ ನನಗೂ ಮಾಮನಿಗೂ ದೊಡ್ಡ ಜಗಳ ಶುರುವಾಗಿತ್ತು. ಹಿಂದಿನ ಶಿಬಿರದಲ್ಲಿ ನನ್ನ ಕೋಣೆಯಲ್ಲಿದ್ದ ವಿದೇಶಿ ಹುಡುಗಿಯೊಬ್ಬಳು ಊರಿಗೆ ಹೊರಡುವಾಗ ಹೊರಲಾರದೆ ತನ್ನ ಜೋಡಿಯನ್ನು ನನಗೆ ಬಿಟ್ಟು ಹೋಗಿದ್ದಳು. ಕಾರ್ವಿಂಗ್ ಸ್ಕೀಗಳು. ಮಾಮ ಬಲ್ಲ ಸ್ಕೀಗಳು ಆಳೆತ್ತರಕ್ಕಿಂತ ಉದ್ದ, ತುದಿಯಿಂದ ಬುಡದವರೆಗೆ ಹೆಚ್ಚುಕಡಿಮೆ ಒಂದೇ ಅಗಲ. ಇವು ಗಿಡ್ಡ, ಮುಂದೆ ಅಗಲ, ಹಿಂದೆ ಅಗಲ, ನಡುವೆ ಸಣ್ಣ. ಮೊದಲ ಸಲ ನೋಡಿದಾಗ ಮಾಮ ಮುಖ ಸಿಂಡರಿಸಿ, "ಇದೇನು, ಹಲಗೆಗೆ ಸೊಂಟ? ಸಿನಿಮಾದಲ್ಲಿ ಡ್ಯಾನ್ಸ್ ಮಾಡ್ಸಕ್ಕಾ?" ಅಂದರು. ಅತ್ತೆ, ಅಂದರೆ ಅವರ ಹೆಂಡತಿ, ಅಡುಗೆಮನೆಯಲ್ಲಿ ಪಾತ್ರೆ ಕೆಳಗಿಟ್ಟು ನಕ್ಕರು.

ಅವರ ಕಾಲದ ಹಲಗೆಗಳು ತಾವಾಗಿ ತಿರುಗುತ್ತಿರಲಿಲ್ಲ. ಮೈಯೆತ್ತಿ ಭಾರ ತೆಗೆದು, ಹಿಮ್ಮಡಿ ತಳ್ಳಿ, ಹಿಮವನ್ನು ಕೆರೆಯುತ್ತಾ ಜಾರಿಸಿ ತಿರುಗಿಸಬೇಕು. ಅದರಲ್ಲಿ ಅವರು ನಿಪುಣರು. ತಿರುಗಿಸುವುದಕ್ಕೆ ಮನುಷ್ಯ ಏನೂ ಮಾಡಬೇಕಾಗಿಲ್ಲ, ಓರೆ ಮಾಡಿ ಕಾದರೆ ಸಾಕು ಅಂತ ನಾನು ಹೇಳಿದರೆ ನಂಬಲೇ ಇಲ್ಲ. ಒಂದು ಭಾನುವಾರ ನನ್ನ ತಲೆ ಚಿಟ್ಟು ಹಿಡಿದು, ಅವರ ಟೀಪಾಯಿ ಮೇಲಿದ್ದ ಯಾರದೋ ಮದುವೆಯ ದಪ್ಪ ಇನ್ವಿಟೇಶನ್ನಿನಿಂದ ಒಂದು ಉದ್ದನೆಯ ಪಟ್ಟಿ ಕತ್ತರಿಸಿದೆ. ಎರಡೂ ಬದಿಯಲ್ಲಿ ನಡುವನ್ನು ಒಳಕ್ಕೆ ಕೊರೆದು ಸೊಂಟ ಮಾಡಿದೆ. ಅದನ್ನು ಟೀಪಾಯಿಯ ಮೇಲೆ ಓರೆಯಾಗಿ ಹಿಡಿದಾಗ ಎರಡು ತುದಿಗಳು ಮಾತ್ರ ತಾಗಿದವು, ನಡು ಗಾಳಿಯಲ್ಲಿತ್ತು. ಬೆರಳಿನಿಂದ ನಡುವನ್ನು ಒತ್ತಿದೆ. ಪಟ್ಟಿ ಬಾಗಿ, ಅಂಚು ಪೂರ್ತಿ ಟೀಪಾಯಿಗೆ ತಾಗಿ, ಬಳೆಯ ತುಂಡಿನ ಹಾಗೆ ಕಮಾನಾಯಿತು.

"ಅಂಚು ಹೀಗೆ ಬಾಗಿದ್ರೆ ಹಲಗೆ ಎಲ್ಲಿಗೆ ಹೋಗುತ್ತೆ ಮಾಮ? ಇದೇ ಗೆರೆ ಮೇಲೆ ತಾನೇ?"

ಮಾಮ ಪಟ್ಟಿಯನ್ನು ಕಿತ್ತುಕೊಂಡು ತಾವೇ ಒತ್ತಿದರು. ಇನ್ನಷ್ಟು ಓರೆ ಮಾಡಿದರು, ಕಮಾನು ಚಿಕ್ಕದಾಯಿತು. ಕತ್ತರಿ ತೆಗೆದುಕೊಂಡು ಸೊಂಟವನ್ನು ಇನ್ನಷ್ಟು ಕೊರೆದು ನೋಡಿದರು, ಇನ್ನೂ ಚಿಕ್ಕದಾಯಿತು. ಅಷ್ಟು ವರ್ಷ ಕಲಿಸಿದ್ದನ್ನು ಬದಿಗಿಡುವುದು ಸುಲಭವಲ್ಲ ಅಂತ ಈಗ ಅರ್ಥವಾಗುತ್ತದೆ. ಆಮೇಲೆ ನಿಧಾನವಾಗಿ ಅಂದರು: "ಮೆತ್ತಗಿರೋ ಹಿಮದಲ್ಲಿ ಇದು ನಡಿಯಲ್ಲ. ಸೊಂಟ ಸಣ್ಣ, ಮುಳುಗಿ ಹೋಗುತ್ತೆ. ಮಷೀನ್ ಓಡಿಸಿ ಒತ್ತಿರೋ ಗಟ್ಟಿ ಹಿಮ ಬೇಕು, ಅಂಚಿಗೆ ಕಚ್ಚಕ್ಕೆ. ಹಂಗಾದ್ರೆ ಎಲ್ಲಾ ಆ ಅಂಚಿನ ಮೇಲೇ ನಿಂತಿದೆ, ಸಮ್ಜಾ?"

ಆ ದಿನದಿಂದ ಅವರ ತಲೆಯಲ್ಲಿ ಅಂಚು ಹೊಕ್ಕಿತು. ಹಲಗೆಯ ತಳದ ಎರಡು ಬದಿಗೂ ಉಕ್ಕಿನ ಸಣ್ಣ ಪಟ್ಟಿ ಕೂರಿಸಿರುತ್ತಾರಲ್ಲ, ಅದು. ನನ್ನದು ಮೊಂಡಾಗಿತ್ತು. ಅರದಿಂದ ತಾವೇ ಉಜ್ಜಲು ನೋಡಿದರು. ಆಗಷ್ಟೇ ಪೊರೆಯ ಆಪರೇಷನ್ ಆಗಿದ್ದ ಕಣ್ಣಿಗೆ ಗೆರೆ ನೆಟ್ಟಗೆ ಕಾಣಲಿಲ್ಲ. ಸರಿ, ಎರಡು ಹಲಗೆಯನ್ನೂ ಹಳೇ ಪಂಚೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಶಿವಾಜಿನಗರಕ್ಕೆ ಹೊತ್ತುಕೊಂಡು ಹೋದರು. ಅಲ್ಲಿ ಮಾಂಸದ ಅಂಗಡಿಗಳ ಸಾಲಿನ ಹಿಂದೆ ಮಚ್ಚು, ಕತ್ತಿ ಸಾಣೆ ಹಿಡಿಯುವವನೊಬ್ಬನಿದ್ದ. ಬಕ್ರೀದ್ ಹತ್ತಿರ ಬಂತೆಂದರೆ ಅವನ ಮುಂದೆ ಕ್ಯೂ ನಿಲ್ಲುತ್ತಿತ್ತು. ಅವನು ತನ್ನ ಜೀವಮಾನದಲ್ಲಿ ಹಿಮ ನೋಡಿದವನಲ್ಲ. ಇವರೋ ಹರಿತವಾದಷ್ಟೂ ಒಳ್ಳೆಯದು ಅಂತ ನಂಬಿದವರು. ಸೈನ್ಯದ ಮೆತ್ತನೆಯ ಹಿಮದಲ್ಲಿ ಅಂಚಿನ ಹರಿತವನ್ನು ಯಾರೂ ಅಷ್ಟಾಗಿ ಕೇಳಿದ್ದಿಲ್ಲವಂತೆ. ಅವನು ಮನಸ್ಸಿಟ್ಟು, ಕುರಿಯ ತೊಡೆ ಕಡಿಯುವ ಮಚ್ಚಿಗೆ ಹಿಡಿದಂತೆ ಸಾಣೆ ಹಿಡಿದುಕೊಟ್ಟ. ಹರಿತ ಮಂಕಾದರೆ ದಾರಿಯಲ್ಲಿ ಉಜ್ಜಿಕೊಳ್ಳಲಿ ಅಂತ ಒಂದು ತುಂಡು ಸಾಣೆಕಲ್ಲನ್ನೂ ಮಾಮನ ಜೇಬಿಗೆ ಹಾಕಿದ.

ಮಾಮ ಬೀಗುತ್ತಾ ಬಂದರು. ಹೆಬ್ಬೆರಳಿನ ಉಗುರನ್ನು ಅಂಚಿಗೆ ತಾಗಿಸಿ ಎಳೆದರೆ ಉಗುರಿನ ಪುಡಿ ಬೀಳುತ್ತಿತ್ತು. "ನೋಡು, ಎಂಥಾ ಅಂಚು" ಅಂತ ವಠಾರದವರಿಗೆಲ್ಲ ತೋರಿಸಿದರು. ಹೊರಡುವ ಹಿಂದಿನ ದಿನ ಹಲಗೆ ಚೆನ್ನಾಗಿ ಜಾರಲಿ ಅಂತ ಬಿಸ್ಕತ್ತಿನ ಡಬ್ಬಿಯ ಮೇಣವನ್ನೆಲ್ಲ ತಳಕ್ಕೆ ತಿಕ್ಕಿ, ಅತ್ತೆಯ ಹಳೇ ಇಸ್ತ್ರಿಪೆಟ್ಟಿಗೆಯಿಂದ ಕರಗಿಸಿ ಸವರಿದರು. ನಡುಮನೆಯಲ್ಲೆಲ್ಲ ಆ ವಾಸನೆ. "ದೇವ್ರ ಮುಂದಿನ ಬತ್ತೀನೂ ಬಿಡಲ್ವಾ ಈ ಮನುಷ್ಯ" ಅಂತ ಅತ್ತೆ ಗದರಿದರು. ಅದು ಉರಿದು ಮುಗಿದ ಬತ್ತಿ, ಬುದ್ಧನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ ಅಂತ ಮಾಮ ನಕ್ಕರು.

ಸ್ಪರ್ಧೆಯ ಹಿಂದಿನ ದಿನ ಬೆಟ್ಟದಲ್ಲಿ ಬಿಸಿಲಿತ್ತು. ಹಿಮ ಮೇಲ್ಪದರದಲ್ಲಿ ಸಕ್ಕರೆಯ ಹಾಗೆ ಸಡಿಲವಾಗಿತ್ತು. ಸ್ಕೀಗಳು ಹೇಳಿದ ಮಾತು ಕೇಳಿದವು. ರಾತ್ರಿ ಚಳಿ ಬಿದ್ದು, ನಸುಕಿನಲ್ಲಿ ಯಂತ್ರ ಓಡಿಸಿ ಒತ್ತಿದ ಮೇಲೆ, ಬೆಳಿಗ್ಗೆ ಅದೇ ಇಳಿಜಾರು ಸಿಮೆಂಟಾಗಿತ್ತು. ತಿರುವಿಗೊಂದು ಕಂಬ ನೆಟ್ಟಿದ್ದ ಸ್ಪರ್ಧೆಯ ಹಾದಿಯ ಪಕ್ಕದಲ್ಲಿ ಮೈ ಬಿಸಿಮಾಡಿಕೊಳ್ಳಲು ಒಂದು ಚಿಕ್ಕ ಇಳಿಜಾರಿತ್ತು. ಅಲ್ಲಿ ಮೊದಲ ಸಲ ಇಳಿದೆ. ಬಲಕ್ಕೆ ತಿರುಗಿದ್ದು ಅದ್ಭುತವಾಗಿತ್ತು, ಹಳಿಯ ಮೇಲೆ ಹೋದ ಹಾಗೆ. ಎಡಕ್ಕೆ ಹೊರಳಬೇಕೆಂದು ಹಲಗೆಗಳನ್ನು ಮಟ್ಟ ಮಾಡಿದೆ. ಅವು ಬಿಡಲಿಲ್ಲ. ಬಲಕ್ಕೇ ಎಳೆದವು. ಒಂದರ ಮೇಲೊಂದು ಹತ್ತಿ, ಹೇಗೋ ಕೂತು ನಿಲ್ಲಿಸಿದೆ. ಎಡ ಮಂಡಿಯೊಳಗೆ ಯಾರೋ ದಾರ ಎಳೆದಂತಾಯಿತು.

"ಎಳೀತಿದೆ ಮಾಮ. ಬಿಡ್ತಾನೇ ಇಲ್ಲ."

"ನೀನು ಹೆದರ್ಕೊಂಡಿದೀಯ" ಅಂದರು ಮೊದಲು. ಆಮೇಲೆ ನನ್ನ ಮುಖ ನೋಡಿದರು. ಸ್ಪರ್ಧೆ ಶುರುವಾಗಲು ಹೆಚ್ಚು ಹೊತ್ತಿರಲಿಲ್ಲ. ಬೇರೆ ಜೋಡಿ ಇಲ್ಲ. ಮೇಲಿನಿಂದ ಧ್ವನಿವರ್ಧಕದಲ್ಲಿ ಒಬ್ಬೊಬ್ಬರ ನಂಬರೂ ಕೂಗಲು ಶುರುಮಾಡಿದ್ದರು. ಮಾಮ ಹಿಮದ ಮೇಲೆ ಮಂಡಿಯೂರಿ, ಸ್ಕ್ರೂಡ್ರೈವರಿನಿಂದ ಬೂಟು ಕಚ್ಚುವ ಹಿಡಿಕೆಗಳನ್ನು ತಮ್ಮ ಸ್ಕೀ ಬೂಟಿನ ಅಳತೆಗೆ ಸರಿಸತೊಡಗಿದರು. ನನಗಿಂತ ಮೊದಲು ತಾವೇ ಇಳಿದು ಪರೀಕ್ಷಿಸಲು ಹೊರಟಿದ್ದಾರೆ ಅಂತ ನನಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ಮಾಮ, ನಿಮಗೇನ್ ತಲೆ ಕೆಟ್ಟಿದೆಯಾ? ಈ ಥರದ್ರ ಮೇಲೆ ನೀವು ಒಂದ್ ಸಲಾನೂ ನಿಂತಿಲ್ಲ."

"ನಿಮ್ಮಮ್ಮನಿಗೆ ಮಾತು ಕೊಟ್ಟಿದೀನಿ" ಅಂದರು. ಅಷ್ಟೇ. ನಾನು ಕೋಲು ಹಿಡಿದು ಅಡ್ಡ ನಿಂತೆ. ಬದಿಗೆ ಸರಿಸಿ ಹೊರಟರು.

ಮೊದಲ ತಿರುವು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಹಳೇ ಅಭ್ಯಾಸದಂತೆ ಹಿಮ್ಮಡಿ ತಳ್ಳುತ್ತಾರೆ ಅಂತ ಎಣಿಸಿದ್ದೆ. ತಳ್ಳಲಿಲ್ಲ. ಮದುವೆ ಇನ್ವಿಟೇಶನ್ನಿನ ಪಟ್ಟಿಯನ್ನು ಓರೆ ಮಾಡಿದ ಹಾಗೆ ಮೈಯನ್ನು ಓರೆ ಮಾಡಿ, ಕಾದರು. ಹಲಗೆ ಬಾಗಿತು. ಗಟ್ಟಿ ಹಿಮದ ಮೇಲೆ ಪೆನ್ಸಿಲ್ಲಿನಲ್ಲಿ ಎಳೆದಂತೆ ಎರಡು ತೆಳು ಗೆರೆಗಳು, ಒಂಚೂರೂ ಕೆರೆತವಿಲ್ಲ. ಆ ವಯಸ್ಸಿನಲ್ಲಿ, ಹೊಸದಾಗಿ ಕಲಿತು... ಆಮೇಲೆ ಎರಡನೇ ತಿರುವಿಗೆಂದು ಮಟ್ಟ ಮಾಡಿದರು. ಒಂದು ಹಲಗೆ ಬಂತು, ಇನ್ನೊಂದು ಕಚ್ಚಿಕೊಂಡು ಹಳೇ ಗೆರೆಯಲ್ಲೇ ಓಡಿತು. ಕಾಲುಗಳು ಎರಡು ದಿಕ್ಕಿಗಾದವು. ಗಡಿಬಿಡಿಯಲ್ಲಿ ಬಿಗಿದಿದ್ದ ಹಿಡಿಕೆ ಬೂಟನ್ನು ಬಿಟ್ಟುಕೊಡಲಿಲ್ಲ. ಮೂಳೆ ಮುರಿದ ಸದ್ದು ಮೇಲೆ ನಿಂತಿದ್ದ ನನಗೆ ಕೇಳಿಸಿತು.

ನಾನು ಓಡಿದೆನೋ ಉರುಳಿದೆನೋ ತಿಳಿಯದು. ಹೋಗಿ ನೋಡಿದರೆ ಮಾಮ ಹಲ್ಲು ಕಚ್ಚಿಕೊಂಡು, ಕಾಲನ್ನಲ್ಲ, ಹಲಗೆಯನ್ನು ನೋಡುತ್ತಿದ್ದರು. ಗ್ಲೌಸು ಕಿತ್ತೆಸೆದು ತಳದ ಕಡೆಯಿಂದ ಅಂಚಿಗೆ ಬೆರಳು ತಾಗಿಸಿದರು. ಬೆರಳು ಕುಯ್ದು ರಕ್ತ ಬಂತು.

"ಇಲ್ ನೋಡು. ಸಾಣೆ ಹಿಡಿದಾಗ ಎದ್ದ ಕಬ್ಬಿಣದ ಮೊನೆ ಕೆಳಗಡೆಗೆ ಬಾಗಿದೆ. ಹಲಗೆ ಮಟ್ಟ ಆದ್ರೂ ಇದು ಕಚ್ಕೊಂಡೇ ಇರುತ್ತೆ. ಮಚ್ಚು ಮಾಡಿಸ್ಬಿಟ್ಟಿದೀನಿ ಕಣಮ್ಮ ನಾನು, ಮಚ್ಚು."

ಸ್ಟ್ರೆಚರ್ ಬಂತು. ಅದರ ಮೇಲೆ ಮಲಗಿಸಿ ಕಾಲಿಗೆ ಪಟ್ಟಿ ಕಟ್ಟಿದರು. ಮಾಮ ಹೊರಡಲು ಬಿಡಲಿಲ್ಲ. ಹಲಗೆಯನ್ನು ತಮ್ಮ ಎದೆಯ ಮೇಲೆ ಅಡ್ಡಲಾಗಿ ಇಡಲು ನನಗೆ ಹೇಳಿ, ಜೇಬಿನಿಂದ ಆ ಸಾಣೆಕಲ್ಲಿನ ತುಂಡು ತೆಗೆದರು. ಹರಿತ ಮಾಡಲು ಕೊಟ್ಟಿದ್ದ ಕಲ್ಲಿನಿಂದ ಹರಿತವನ್ನು ತೆಗೆಯತೊಡಗಿದರು. ತಳದ ಕಡೆಯ ಮೊನೆಯನ್ನು ಉದ್ದಕ್ಕೂ ಉಜ್ಜಿ ತೆಗೆದರು. ಮುಂದಿನ ತುದಿಯಲ್ಲಿ ಒಂದು ಗೇಣು, ಹಿಂದೆ ಒಂದು ಗೇಣು ಬೇಕೆಂದೇ ಮೊಂಡು ಮಾಡಿದರು. ನಡುವಿನ ಹರಿತ ಮಾತ್ರ ಉಳಿಸಿದರು. ತುಟಿ ನೀಲಿಯಾಗಿತ್ತು. ಆಸ್ಪತ್ರೆಗೆ ಹೊರಡಬೇಕೆಂದು ಸ್ಟ್ರೆಚರಿನವರು ಹಿಂದಿಯಲ್ಲಿ ರೇಗಿದರು. ಇವರು ಅದಕ್ಕಿಂತ ಒಳ್ಳೆಯ ಹಿಂದಿಯಲ್ಲಿ ತಿರುಗಿ ಬೈದರು. ಮೇಲೆ ನನಗಿಂತ ಮೊದಲಿನವರ ನಂಬರುಗಳನ್ನು ಕೂಗುತ್ತಿದ್ದರು. ಒಂದಾಯಿತು. ಇನ್ನೊಂದನ್ನು ಎದೆಗೆ ಎಳೆದುಕೊಂಡರು.

"ನಾನು ಹೋಗಲ್ಲ ಮಾಮ. ನಿಮ್ ಜೊತೆ ಬರ್ತೀನಿ" ಅಂದೆ. ನನಗೆ ಆ ಹಲಗೆಗಳನ್ನು ಕಂಡರೇ ಭಯವಾಗಿತ್ತು.

ಅವರು ಕಲ್ಲು ನಿಲ್ಲಿಸಲಿಲ್ಲ. "ಭಯ ಆದ್ರೆ ಹೋಗ್ಬೇಡ. ಯಾರೂ ಏನೂ ಅನ್ನಲ್ಲ. ನನ್ ಕಾಲಿಗೋಸ್ಕರ ನಿಂತ್ಕೊಂಡ್ರೆ ಮಾತ್ರ ನಾನು ಸುಮ್ನಿರಲ್ಲ." ಕೊನೆಗೊಮ್ಮೆ ಹೆಬ್ಬೆರಳನ್ನು ತಳದ ಕಡೆಯಿಂದ ಸವರಿದರು. ರಕ್ತ ಬರಲಿಲ್ಲ. "ಈಗ ಕಚ್ಚುತ್ತೆ, ಬಿಡ್ತದೆ. ಎರಡೂ ಬೇಕು" ಅಂದು ಕಣ್ಣು ಮುಚ್ಚಿದರು. ಹಿಡಿಕೆಗಳನ್ನು ನಾನೇ ನನ್ನ ಅಳತೆಗೆ ಸರಿಸಿಕೊಂಡೆ, ಎರಡೆರಡು ಸಲ ನೋಡಿ.

ನನ್ನ ನಂಬರು ಕೂಗಿದರು. ಸ್ಪರ್ಧೆ ಶುರುವಾಗುವ ಮೇಲಿನ ಬಾಗಿಲಲ್ಲಿ ನಿಂತಾಗ ಕೆಳಗೆ ಸ್ಟ್ರೆಚರನ್ನು ಗಾಡಿಗೆ ಏರಿಸುತ್ತಿದ್ದುದು ಕಾಣುತ್ತಿತ್ತು. ಹೊರಟೆ. ಮೊದಲ ಕಂಬಕ್ಕೆ ಓರೆ ಮಾಡಿದೆ, ಅಂಚು ಕಚ್ಚಿತು. ಮಟ್ಟ ಮಾಡಿದೆ... ಆ ಅರೆಗಳಿಗೆ, ಎರಡು ತಿರುವುಗಳ ನಡುವೆ ಹಲಗೆ ಯಾವ ಕಡೆಗೂ ಸೇರದೆ ತೇಲುವ ಹೊತ್ತು, ಅದರಲ್ಲಿ ನಾನು ಉಸಿರಾಡಲಿಲ್ಲ. ಬಿಟ್ಟಿತು. ಹೊರಳಿದೆ. ಮತ್ತೆ ಕಚ್ಚಿತು. ಪ್ರತಿ ಕಂಬದಲ್ಲೂ ಇದೇ ಭಯ, ಪ್ರತಿ ಕಂಬದಲ್ಲೂ ಬಿಟ್ಟಿತು. ಪದಕ ಬರಲಿಲ್ಲ, ಅದರ ಹತ್ತಿರವೂ ಹೋಗಲಿಲ್ಲ. ನಿಂತ ಕಾಲ ಮೇಲೆ ಕೆಳಗೆ ಬಂದೆ. ತಿರುಗಿ ಹೇಳೋಣವೆಂದರೆ ಗಾಡಿ ಹೋಗಿಬಿಟ್ಟಿತ್ತು. ಅಲ್ಲೇ ಕೂತು ಅತ್ತುಬಿಟ್ಟೆ.

ಕಂಟೋನ್ಮೆಂಟ್ ಸ್ಟೇಷನ್ನಿಗೆ ಅಮ್ಮ ಬಂದಿದ್ದಳು. ನಾನು ಇಳಿಯುವಾಗ ಮುಖ ನೋಡಲಿಲ್ಲ, ಕಾಲು ನೋಡಿದಳು. ನಾನು ನಾಲ್ಕು ಹೆಜ್ಜೆ ನಡೆದ ಮೇಲೆ ಅವಳ ಭುಜ ಇಳಿಯಿತು. ಹಿಂದೆಯೇ ಇಬ್ಬರು ಪೋರ್ಟರುಗಳು ಪ್ಲಾಸ್ಟರ್ ಹಾಕಿದ ಮಾಮನನ್ನು ಎತ್ತಿ ಇಳಿಸಿದರು. ಅಮ್ಮನ ಬಾಯಿ ತೆರೆಯಿತು.

"ಏನಿಲ್ಲ ತಂಗಚ್ಚಿ" ಅಂದರು ಮಾಮ, ನಾನು ಬಾಯಿ ಬಿಡುವ ಮೊದಲೇ. "ಚಾ ಅಂಗಡಿ ಮುಂದೆ ಐಸ್ ಮೇಲೆ ಜಾರ್ಬಿಟ್ಟೆ. ವಯಸ್ಸಾಯ್ತಲ್ಲ. ನಿಮ್ ಮಗಳು ನೋಡಿ, ಕುದುರೆ ಥರ ಬಂದ್ಳು."

ಹೀಗೆ ಹೇಳೋಣ ಅಂತ ನಾವಿಬ್ಬರೂ ರೈಲಿನಲ್ಲಿ ಮಾತಾಡಿಕೊಂಡಿದ್ದೇನೂ ಅಲ್ಲ. ನಿಜ ಗೊತ್ತಾದರೆ ಅಮ್ಮ ನನ್ನನ್ನು ಇನ್ನು ಯಾವತ್ತೂ ಬಿಡುವುದಿಲ್ಲ ಅಂತ ಅವರೊಬ್ಬರೇ ಲೆಕ್ಕ ಹಾಕಿದ್ದರು. ನಾನು ತಲೆತಗ್ಗಿಸಿ ಬ್ಯಾಗು ಎತ್ತಿಕೊಂಡೆ. ಅದಾದ ಮೇಲೂ ನಾನು ಹಿಮಕ್ಕೆ ಹೋದೆ, ಸಾಕೆನಿಸುವಷ್ಟು ಸಲ. ಮಾಮ ಹೋಗಲಿಲ್ಲ. ಮೂಳೆ ಸೊಟ್ಟಗೆ ಕೂಡಿತು, ಕೋಲು ಜೊತೆಯಾಯಿತು. ನನ್ನ ಸ್ಕೀಗಳ ಅಂಚನ್ನು ಮಾತ್ರ ಪ್ರತಿ ಸಲ ಅವರೇ ನೋಡಿಕೊಟ್ಟರು, ಬೆರಳನ್ನು ತಳದ ಕಡೆಯಿಂದ ಸವರಿ.

ಅಲ್ಲಿಯವರೆಗೆ ಅವರನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಅಮ್ಮ, ಬಂದ ವಾರವೇ ಶಿವಾಜಿನಗರಕ್ಕೆ ಹೋಗಿ ಕುರಿಕಾಲು ತಂದಳು. ಮೂಳೆ ಕೂಡಲು ಒಳ್ಳೆಯದು ಅಂತ ಮೆಣಸು ಜೀರಿಗೆ ಹಾಕಿ, ಗಂಟೆಗಟ್ಟಲೆ ಕುದಿಸಿ, ಕಾಲ್ ಸೂಪ್ ಮಾಡಿ ಟಿಫನ್ ಕ್ಯಾರಿಯರಿನಲ್ಲಿ ಕೊಟ್ಟುಬಂದಳು. ಮೂಳೆ ಕೂಡಿದ ಮೇಲೂ ಭಾನುವಾರದ ಸೂಪು ನಿಲ್ಲಲಿಲ್ಲ. ನಾವು ಹೊರಮಾವಿಗೆ ಬಂದ ಮೇಲೆ ಎರಡು ಬಸ್ಸು ಬದಲಿಸಿ ಹೊತ್ತುಕೊಂಡು ಹೋಗುತ್ತಿದ್ದಳು. ಅಕ್ಕಪಕ್ಕದ ಪುಣ್ಯ ಅಂತ ನಾನು ಅಂದುಕೊಂಡಿದ್ದೆ.

ಮಾಮ ಹೋದ ವರ್ಷ ಹೋಗಿಬಿಟ್ಟರು. ಮಲಗಿದವರು ಏಳಲಿಲ್ಲ. ಅತ್ತೆ ಮಗಳ ಮನೆಗೆ ಹೋದರು. ಹಲಸೂರಿನ ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ನಾನು ಹೆಣದ ಮುಂದೆ ಅಳಲಿಲ್ಲ. ಕೈಯಲ್ಲಿ ಮೇಣದಬತ್ತಿ ಹಿಡಿದು ಕಲ್ಲಿನ ಹಾಗೆ ನಿಂತಿದ್ದೆ. ಮೊನ್ನೆ ಆ ಇಸ್ತ್ರಿಯ ಮುಂದೆ ಕೂತಾಗ ಅದೆಲ್ಲ ಒಟ್ಟಿಗೆ ಬಂತು. ಅಮ್ಮ ಕಾಫಿ ಹಿಡಿದು ಬಂದವಳು, "ಒಂದು ಬೆಡ್‌ಶೀಟಿಗೆ ಇಷ್ಟೊಂದು ಅಳ್ತಾರಾ" ಅಂದಳು.

ಸುಬೇದಾರ್ ಮಾಮ ನೆನಪಾದರು ಅಂದೆ. ಅವಳು ಮಂಚದ ತುದಿಯಲ್ಲಿ ಕೂತಳು. ಇನ್ನು ಮುಚ್ಚಿಟ್ಟು ಯಾರಿಗೇನು ಅನಿಸಿತು.

"ಅಮ್ಮ, ಅವತ್ತು ಮಾಮ ಚಾ ಅಂಗಡಿ ಮುಂದೆ ಜಾರಿದ್ದಲ್ಲ..."

ಅಮ್ಮ ಬೆಡ್‌ಶೀಟನ್ನು ತನ್ನ ಕಡೆ ಎಳೆದುಕೊಂಡು, ಉಳಿದಿದ್ದ ಮೇಣವನ್ನು ಉಗುರಿನಿಂದ ಕೆರೆಯತೊಡಗಿದಳು.

"ಚಾ ಅಂಗಡೀಲಿ ಜಾರಿದೋರಿಗೆ ಯಾರಾದ್ರೂ ಅಷ್ಟು ವರ್ಷ ಸೂಪ್ ಹೊರ್ತಾರೇನೆ?" ಅಂದಳು.